ಪ್ರಧಾನ ಕಾರ್ಯದರ್ಶಿಯ ಕುರ್ಚಿಗೂ ಒಂದು ಅವಧಿ ಬೇಕು

2020ರ ಏಪ್ರಿಲ್ 1. ಲಾಕ್‌ಡೌನಿನಿಂದಾಗಿ ದೇಶವೆಲ್ಲ ಮನೆಯೊಳಗೆ ಕುಳಿತಿದ್ದಾಗಲೇ ಹತ್ತು ಸರ್ಕಾರಿ ಬ್ಯಾಂಕುಗಳು ನಾಲ್ಕಾದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 1906ರಲ್ಲಿ ಅದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಯೂನಿಯನ್ ಬ್ಯಾಂಕಿನ ಪಾಲಾಯಿತು. ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಹೋಗಿತ್ತು. ಮೂರು ವರ್ಷ ಮೊದಲು, ವಿಶ್ವೇಶ್ವರಯ್ಯನವರ ಕಾಲದ ಮೈಸೂರು ಬ್ಯಾಂಕ್. 2017ರಲ್ಲಿ 27 ಇದ್ದ ಸಾರ್ವಜನಿಕ ವಲಯದ ಬ್ಯಾಂಕುಗಳು 12ಕ್ಕೆ ಇಳಿದವು.

ಬೋರ್ಡು, ಐಎಫ್‌ಎಸ್‌ಸಿ ಕೋಡು, ಸಾಫ್ಟ್‌ವೇರು, ಸೀನಿಯಾರಿಟಿ ಪಟ್ಟಿ ಎಲ್ಲಕ್ಕೂ ಒಂದಾಗುವ ಗಡುವು ಬಂತು. ಅಧಿಕಾರಿಗಳ ಸಂಘಗಳಿಗೆ ಮಾತ್ರ ಅಂಥ ಆದೇಶ ಬರಲಿಲ್ಲ, ಬರುವಂತೆಯೂ ಇರಲಿಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಪ್ರಕಾರ ಎರಡು ಸಂಘಗಳು ಒಂದಾಗಬೇಕಾದರೆ ಮತದ ಹಕ್ಕುಳ್ಳ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಮತ ಹಾಕಬೇಕಿತ್ತು, ಬಿದ್ದ ಮತಗಳಲ್ಲಿ ಶೇ 60 ಪರವಾಗಿರಬೇಕಿತ್ತು. ಸಂಘದ ವಿಲೀನದಂಥ ದೊಡ್ಡ ನಿರ್ಧಾರ ಸಾಮಾನ್ಯ ಸದಸ್ಯನ ಮತವಿಲ್ಲದೆ ಆಗಕೂಡದು ಎಂಬುದು ಆ ಕಾನೂನಿನ ಎಣಿಕೆಯಾಗಿತ್ತು. ಆದರೆ ಆ ಸಂಘವನ್ನು ಯಾರು ನಡೆಸಬೇಕು, ಎಷ್ಟು ವರ್ಷ ನಡೆಸಬೇಕು ಎಂಬುದನ್ನು ಕಾನೂನು ಬಹುಮಟ್ಟಿಗೆ ಬೈಲಾಕ್ಕೆ ಬಿಟ್ಟಿದೆ. ಬ್ಯಾಂಕ್ ಅಧಿಕಾರಿಗಳ ಸಂಘಗಳ ನಾಯಕತ್ವ ಇಂದಿನ ರೂಪಕ್ಕೆ ಬಂದದ್ದು ಈ ಜಾಗದಲ್ಲಿಯೇ. ಅದು ಬಂದ ದಾರಿಯನ್ನು ತಿಳಿದರೆ, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದೂ ತಿಳಿಯುತ್ತದೆ.

ಹೊರಗಿನ ನಾಯಕ ಬಂದದ್ದೇಕೆ?

1918ರ ಏಪ್ರಿಲ್‌ನಲ್ಲಿ ಮದರಾಸಿನ ಪೆರಂಬೂರಿನಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಅದರ ಅಧ್ಯಕ್ಷ ಬಿ.ಪಿ. ವಾಡಿಯಾ ಗಿರಣಿ ಕಾರ್ಮಿಕರಾಗಿರಲಿಲ್ಲ. ಆನಿ ಬೆಸೆಂಟ್ ಅವರ ಒಡನಾಡಿ, ಥಿಯಾಸಫಿಸ್ಟ್. ಗಿರಣಿಯ ಒಳಗಿನವನೇ ಮುಂದಾಳಾದರೆ ಮರುದಿನ ಗೇಟಿನ ಹೊರಗಿರುತ್ತಿದ್ದ ಕಾಲವದು. ಬಕಿಂಗ್‌ಹ್ಯಾಂ ಗಿರಣಿಯ ಗಲಾಟೆಯಲ್ಲಿ ಗಿರಣಿಯ ಒಡೆತನದ ಬಿನ್ನಿ ಕಂಪನಿ ವಾಡಿಯಾ ಅವರನ್ನೇ ಮದರಾಸು ಹೈಕೋರ್ಟಿಗೆ ಎಳೆಯಿತು. ಸಂಘ ಕಟ್ಟುವುದೇ ಅಪರಾಧವಾಗಬಹುದೆಂಬ ಆತಂಕ ಹಬ್ಬಿದಾಗ ಕಾರ್ಮಿಕ ನಾಯಕ ಎನ್.ಎಂ. ಜೋಶಿ 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ನಿರ್ಣಯ ಮಂಡಿಸಿದರು. ಅದರ ಫಲ 1926ರ ಕಾಯ್ದೆ; ಜಾರಿಗೆ ಬಂದದ್ದು 1927ರ ಜೂನ್ 1ರಂದು.

ಪದಾಧಿಕಾರಿಗಳಲ್ಲಿ ಅರ್ಧದಷ್ಟು ಮಂದಿ ಆ ಉದ್ಯಮದಲ್ಲಿ ದುಡಿಯುವವರಾಗಿದ್ದರೆ ಸಾಕು ಎಂದಿತು ಆ ಕಾಯ್ದೆ. ಉಳಿದರ್ಧ ವಕೀಲರಿರಬಹುದು, ರಾಜಕಾರಣಿಗಳಿರಬಹುದು, ಕೆಲಸ ಕಳೆದುಕೊಂಡವರಿರಬಹುದು. ಸೇಡಿನ ಭಯವಿಲ್ಲದವನು ಮುಂದೆ ನಿಲ್ಲಲಿ ಎಂಬ ಕಾಳಜಿ ಅದರ ಹಿಂದಿತ್ತು. ಆ ದಿನಗಳಿಗೆ ಅದು ಸರಿಯಾದ ಏರ್ಪಾಡೇ ಆಗಿತ್ತು.

1946ರ ಏಪ್ರಿಲ್ 20ರಂದು ಕಲ್ಕತ್ತೆಯಲ್ಲಿ ಅಖಿಲ ಭಾರತ ಬ್ಯಾಂಕ್ ನೌಕರರ ಸಂಘ ಸ್ಥಾಪನೆಯಾದಾಗಲೂ ಇದೇ ಕಾಲಧರ್ಮ. ಪ್ರಭಾತ್ ಕರ್, ಎಚ್.ಎಲ್. ಪರ್ವಾನ ಅವರಂಥವರು ಬದುಕನ್ನೇ ಸಂಘಕ್ಕೆ ಕೊಟ್ಟರು. ಬ್ಯಾಂಕ್ ನೌಕರರ ವೇತನದ ಬಗ್ಗೆ ಟ್ರಿಬ್ಯುನಲ್ಲುಗಳು ಕೊಟ್ಟ 1953ರ ಶಾಸ್ತ್ರಿ ತೀರ್ಪು, 1962ರ ದೇಸಾಯಿ ತೀರ್ಪುಗಳನ್ನು ದಾಟಿ 1966ರ ಅಕ್ಟೋಬರ್ 19ರಂದು ಮೊದಲ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿತ್ತು. ಟ್ರಿಬ್ಯುನಲ್ಲಿನ ಕಡತಗಳನ್ನೂ ಬ್ಯಾಂಕಿನ ಬ್ಯಾಲೆನ್ಸ್ ಶೀಟನ್ನೂ ಅರೆದು ಕುಡಿದ ಪೂರ್ಣಾವಧಿ ನಾಯಕರಿಲ್ಲದೆ ಅದು ಆಗುತ್ತಿರಲಿಲ್ಲ. ಬ್ಯಾಂಕ್ ನೌಕರರ ಮನಸ್ಸಿನಲ್ಲಿ ಪ್ರಧಾನ ಕಾರ್ಯದರ್ಶಿಯೆಂಬ ಪದವಿಗೆ ಅಷ್ಟು ಎತ್ತರದ ಸ್ಥಾನ ಸಿಕ್ಕಿದ್ದು ಆ ದುಡಿಮೆಯಿಂದ.

ಅಧಿಕಾರಿಗಳ ಬೇರೆ ಕಥೆ

ಅಧಿಕಾರಿಗಳ ಸ್ಥಿತಿ ಇನ್ನೂ ನಾಜೂಕಾಗಿತ್ತು. ಕೈಗಾರಿಕಾ ವಿವಾದಗಳ ಕಾಯ್ದೆಯ ಲೆಕ್ಕದಲ್ಲಿ ಮ್ಯಾನೇಜರು ‘ಕಾರ್ಮಿಕ’ನಾಗಿರಲಿಲ್ಲ. ಹಾಗಾಗಿ ಸಂಬಳದ ತಕರಾರನ್ನು ಗುಮಾಸ್ತರಂತೆ ಟ್ರಿಬ್ಯುನಲ್ಲಿಗೆ ಒಯ್ಯಲು ಅಧಿಕಾರಿಗೆ ದಾರಿಯಿರಲಿಲ್ಲ. ಆದರೆ 1926ರ ಕಾಯ್ದೆಯ ಕಣ್ಣಿಗೆ ಉದ್ಯಮದಲ್ಲಿ ಉದ್ಯೋಗದಲ್ಲಿರುವ ಎಲ್ಲರೂ ಕಾರ್ಮಿಕರೇ ಆಗಿದ್ದರು, ಆದ್ದರಿಂದ ಸಂಘ ಕಟ್ಟಬಹುದಿತ್ತು. ಕಟ್ಟಲು ಹಕ್ಕಿದೆ, ನ್ಯಾಯ ಕೇಳಲು ಕಟಕಟೆಯಿಲ್ಲ. ಉಳಿದದ್ದು ಮಾತುಕತೆ ಮತ್ತು ಒಗ್ಗಟ್ಟು ಮಾತ್ರ. ಇಂದಿಗೂ ನೌಕರರ ವೇತನ ಪರಿಷ್ಕರಣೆ ‘ದ್ವಿಪಕ್ಷೀಯ ಒಪ್ಪಂದ’ವಾದರೆ, ಅಧಿಕಾರಿಗಳದ್ದು ‘ಜಾಯಿಂಟ್ ನೋಟ್’. 2022ರ ನವೆಂಬರ್ 1ರಿಂದ ಅನ್ವಯವಾದ ಶೇ 17ರ ಏರಿಕೆಗೆ 2024ರ ಮಾರ್ಚ್ 8ರಂದು ಸಹಿ ಬಿದ್ದಾಗಲೂ ಅಧಿಕಾರಿಗಳ ಕಾಗದ ಬೇರೆಯೇ ಆಗಿತ್ತು.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಕೆನರಾ, ಸಿಂಡಿಕೇಟ್ ಅವುಗಳಲ್ಲಿದ್ದವು. 1980ರ ಎರಡನೇ ಸುತ್ತಿನಲ್ಲಿ ಕಾರ್ಪೊರೇಷನ್, ವಿಜಯಾ ಸೇರಿಕೊಂಡವು. ಶಾಖೆಗಳು ಹಳ್ಳಿಹಳ್ಳಿಗೆ ಹರಡಿದಂತೆ ಅಧಿಕಾರಿಗಳ ಸಂಖ್ಯೆಯೂ ಬೆಳೆಯಿತು. ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಬಗೆಯಿದ್ದ ಸಂಬಳ, ಸವಲತ್ತುಗಳನ್ನು ಸಮಗೊಳಿಸಲು ಪಿಳ್ಳೈ ಸಮಿತಿ ನೇಮಕವಾಯಿತು. ಅದರ ಬೆನ್ನಿಗೆ 1979ರ ಜುಲೈ 1ರಿಂದ ಅಧಿಕಾರಿಗಳ ಸೇವಾ ನಿಯಮಾವಳಿ ಬಂದು, ಸ್ಕೇಲ್ ಒಂದರಿಂದ ಏಳರವರೆಗಿನ ಏಣಿ ನಿಂತಿತು. ನಿಯಮ ಎಲ್ಲರಿಗೂ ಒಂದಾದ ಮೇಲೆ ದನಿಯೂ ಒಂದಾಗಬೇಕಾಯಿತು. 1981ರಲ್ಲಿ ಅಖಿಲ ಭಾರತ ಬ್ಯಾಂಕ್ ಅಧಿಕಾರಿಗಳ ಸಂಘ, 1985ರಲ್ಲಿ ಅಖಿಲ ಭಾರತ ಬ್ಯಾಂಕ್ ಅಧಿಕಾರಿಗಳ ಒಕ್ಕೂಟ ತಲೆಯೆತ್ತಿದವು. 1997ರಲ್ಲಿ ಅಧಿಕಾರಿಗಳ ನಾಲ್ಕು, ನೌಕರರ ಐದು ಸಂಘಟನೆಗಳು ಸೇರಿ ಬ್ಯಾಂಕ್ ಸಂಘಗಳ ಸಂಯುಕ್ತ ವೇದಿಕೆಯಾಯಿತು.

ಈ ಬೆಳವಣಿಗೆಯಲ್ಲಿ ಸಂಘದ ಒಳಗಿನ ಏಣಿಯೂ ಸಿದ್ಧವಾಯಿತು. ಶಾಖೆಯ ಸದಸ್ಯ ಘಟಕದ ಪ್ರತಿನಿಧಿಯನ್ನು ಆರಿಸುತ್ತಾನೆ. ಪ್ರತಿನಿಧಿಗಳು ಮೂರು ವರ್ಷಕ್ಕೊಮ್ಮೆ ಮಹಾಸಮ್ಮೇಳನದಲ್ಲಿ ಸೇರಿ ಕೇಂದ್ರ ಸಮಿತಿಯನ್ನು ಆರಿಸುತ್ತಾರೆ. ಅಧ್ಯಕ್ಷ, ಪ್ರಧಾನ ಕಾರ್ಯದರ್ಶಿ ಅಲ್ಲಿಂದ ಬರುತ್ತಾರೆ. ಸ್ಥೂಲವಾಗಿ ಬಹುತೇಕ ಸಂಘಗಳ ಕ್ರಮ ಇದೇ. ಕಾಗದದಲ್ಲಿ ಇದು ಪ್ರಜಾಪ್ರಭುತ್ವವೇ. ಆದರೆ ವರ್ಗಾವಣೆಯ ಮನವಿ, ಚಾರ್ಜ್‌ಶೀಟಿನ ವಾದ, ಬಡ್ತಿಯ ತಕರಾರು, ಮ್ಯಾನೇಜ್‌ಮೆಂಟಿನೊಂದಿಗಿನ ಮಾತುಕತೆ, ಸುತ್ತೋಲೆ, ವಂತಿಗೆ, ಅರಿಯರ್ಸ್ ಬಂದಾಗಿನ ಲೆವಿ ಎಲ್ಲವೂ ಒಂದೇ ಮೇಜಿಗೆ ಬರುತ್ತಾ ಬಂದಂತೆ ಪ್ರಧಾನ ಕಾರ್ಯದರ್ಶಿಯ ಕುರ್ಚಿ ಭಾರವಾಯಿತು. ಸಮ್ಮೇಳನದಲ್ಲಿ ಒಂದೇ ಪಟ್ಟಿ ಓದಿ ‘ಅವಿರೋಧ’ ಎಂದು ಘೋಷಿಸುವುದು ಒಗ್ಗಟ್ಟಿನ ಗುರುತೆನಿಸಿತು. ಎದುರು ನಿಲ್ಲುವವನು ಸಂಘ ಒಡೆಯುವವನೆನಿಸಿದ.

ನಿವೃತ್ತಿಯಾದ ಮೇಲೂ

ರಾಷ್ಟ್ರೀಕರಣದ ವರ್ಷವೇ ವರದಿ ಕೊಟ್ಟ ಗಜೇಂದ್ರಗಡ್ಕರ್ ನೇತೃತ್ವದ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗ, ಸಂಘಗಳಲ್ಲಿ ಒಳಗಿನ ನಾಯಕತ್ವ ಬೆಳೆಯಬೇಕು ಎಂದಿತ್ತು. ಜೊತೆಗೆ, ಮಾಜಿ ನೌಕರರನ್ನು ಹೊರಗಿನವರೆಂದು ಎಣಿಸಬಾರದು ಎಂದೂ ಹೇಳಿತ್ತು. 2001ರ ತಿದ್ದುಪಡಿಯಲ್ಲಿ ಎರಡೂ ಮಾತು ಕಾನೂನಾದವು. ಸಂಘಟಿತ ವಲಯದ ಸಂಘದಲ್ಲಿ ಹೊರಗಿನವರು ಪದಾಧಿಕಾರಿಗಳ ಮೂರನೇ ಒಂದು ಪಾಲು ಅಥವಾ ಐದು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಸೀಮಿತರಾದರು. ಒಂದು ಆಯ್ಕೆಯ ಅವಧಿ ಮೂರು ವರ್ಷ ಮೀರಬಾರದೆಂದಾಯಿತು. ಆದರೆ ನಿವೃತ್ತರಾದವರು ಹೊರಗಿನವರಲ್ಲ ಎಂಬ ವಿವರಣೆಯೂ ಸೇರಿತು. ಎಷ್ಟು ಸಲ ಮರು ಆಯ್ಕೆಯಾಗಬಹುದು ಎಂಬುದಕ್ಕೆ ಮಿತಿ ಬರಲಿಲ್ಲ.

ಹೀಗೆ 60ಕ್ಕೆ ಬ್ಯಾಂಕಿನಿಂದ ನಿವೃತ್ತರಾದವರು ಸಂಘದ ಚುಕ್ಕಾಣಿ ಹಿಡಿದೇ ಇರಲು ಕಾನೂನಿನ ಅಡ್ಡಿಯಿಲ್ಲ. ಕೆಲವು ಸಂಘಗಳು ನಿವೃತ್ತಿಯ ದಿನವೇ ಪದವಿ ಬಿಡಬೇಕೆಂದು ಬೈಲಾದಲ್ಲಿ ಬರೆದುಕೊಂಡಿವೆ; ಇನ್ನು ಕೆಲವು ಆ ಪ್ರಶ್ನೆಯನ್ನೇ ಎತ್ತಿಕೊಂಡಿಲ್ಲ.

ಹಿರಿಯರ ಪರವಾದ ವಾದವನ್ನು ಗೌರವದಿಂದ ಕೇಳಬೇಕು. ಸೇವೆಯಲ್ಲಿರುವ ಅಧಿಕಾರಿಯನ್ನು ಬೆಂಗಳೂರಿನಿಂದ ಗುವಾಹಟಿಗೆ ವರ್ಗ ಮಾಡಬಹುದು, ಹಳೆಯ ಸಾಲದ ಫೈಲು ತೆರೆದು ವಿಚಾರಣೆ ಹಚ್ಚಬಹುದು. ನಿವೃತ್ತ ನಾಯಕನಿಗೆ ಆ ಅಂಜಿಕೆಯಿಲ್ಲ. ಐದು ವರ್ಷಕ್ಕೊಮ್ಮೆ ನಡೆಯುವ ವೇತನ ಮಾತುಕತೆಯಲ್ಲಿ ಪಿಂಚಣಿ, ತುಟ್ಟಿಭತ್ಯೆಗಳ ಲೆಕ್ಕ ಒಂದೇ ದಿನದಲ್ಲಿ ತಲೆಗೆ ಹತ್ತುವಂಥದ್ದಲ್ಲ. ಅನುಭವಿಗಳು ಬೇಕೇ ಬೇಕು.

ಆದರೆ ಅನುಭವ ಬೇಕೆಂಬುದಕ್ಕೂ ಅಧಿಕಾರ ಅವರಲ್ಲೇ ಇರಬೇಕೆಂಬುದಕ್ಕೂ ವ್ಯತ್ಯಾಸವಿದೆ. 2011ರಲ್ಲಿ ಐಬಿಪಿಎಸ್‌ನ ಸಾಮಾನ್ಯ ನೇಮಕಾತಿ ಪರೀಕ್ಷೆ ಶುರುವಾದ ಮೇಲೆ ಬ್ಯಾಂಕಿನ ಅಧಿಕಾರಿ ವರ್ಗವೇ ಬದಲಾಯಿತು. ಬಿಹಾರದ ಹುಡುಗ ಯಾದಗಿರಿಯಲ್ಲಿ, ಧಾರವಾಡದ ಹುಡುಗಿ ಜಾರ್ಖಂಡಿನಲ್ಲಿ ಶಾಖೆ ನಡೆಸುತ್ತಿದ್ದಾರೆ. ವಿಮೆ ಮಾರುವ ಟಾರ್ಗೆಟ್, ರಾತ್ರಿ ಒಂಬತ್ತರ ವಿಡಿಯೊ ಕಾನ್ಫರೆನ್ಸ್, ಭಾನುವಾರದ ಲಾಗಿನ್ ಡೇ, ಸಿಬ್ಬಂದಿಯ ಕೊರತೆ, ಹೆರಿಗೆ ರಜೆ ಮುಗಿಸಿ ಬಂದವಳಿಗೆ ದೂರದ ವರ್ಗಾವಣೆ: ಇವು ಅವರ ದಿನನಿತ್ಯ. 2010ರಲ್ಲಿ ಬ್ಯಾಂಕುಗಳಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಬಂತು. ಅದರಡಿ ಕೆಲಸಕ್ಕೆ ಸೇರಿದವರ ಪಿಂಚಣಿಯ ಚಿಂತೆ, ಹಳೆಯ ಪಿಂಚಣಿ ಪಡೆಯುತ್ತಿರುವವರ ಚಿಂತೆಗಿಂತ ತೀರ ಬೇರೆ. ಈ ಪಾಡನ್ನು ಈಗ ಅನುಭವಿಸುತ್ತಿರುವವರೇ ಮಾತುಕತೆಯ ಮೇಜಿನಲ್ಲಿ ಕೂರಬೇಕು.

ಬ್ಯಾಂಕಿಗೆ ಇರುವ ಮಿತಿ ಸಂಘಕ್ಕೇಕಿಲ್ಲ?

ಬ್ಯಾಂಕುಗಳ ಆಡಳಿತವನ್ನೇ ನೋಡೋಣ. 2021ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಖಾಸಗಿ ಬ್ಯಾಂಕಿನ ವ್ಯವಸ್ಥಾಪಕ ನಿರ್ದೇಶಕರಿಗೆ 15 ವರ್ಷದ ಮಿತಿ ಹಾಕಿತು. ಸಹಕಾರಿ ಬ್ಯಾಂಕುಗಳ ನಿರ್ದೇಶಕರಿಗೆ ಮೊದಲು 8, 2025ರಿಂದ 10 ವರ್ಷದ ಮಿತಿಯಿದೆ. ರಾಷ್ಟ್ರೀಕೃತ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ನೌಕರರ ಹಾಗೂ ಅಧಿಕಾರಿಗಳ ಪರ ಒಬ್ಬೊಬ್ಬ ನಿರ್ದೇಶಕರಿಗೆ 1970ರ ಕಾಯ್ದೆ ಜಾಗ ಕೊಟ್ಟಿದೆ. ಆ ಸ್ಥಾನಗಳನ್ನು ಕೇಂದ್ರ ಸರ್ಕಾರ ವರ್ಷಗಟ್ಟಲೆ ಖಾಲಿ ಬಿಟ್ಟಿದ್ದನ್ನು ಸಂಘಗಳು ಪ್ರತಿಭಟಿಸಿದ್ದು ನ್ಯಾಯವೇ. ಸಾಲ ಕೊಡುವ ಅಧಿಕಾರ ಒಬ್ಬನಲ್ಲೇ ಇರಬಾರದು, ಕ್ಯಾಷಿನ ಕೀಲಿ ಇಬ್ಬರಲ್ಲಿರಬೇಕು, ಸೂಕ್ಷ್ಮ ಸೀಟಿನಲ್ಲಿ ಒಬ್ಬರೇ ಬಹುಕಾಲ ಇರಬಾರದು ಎಂದು ಹೊಸಬರಿಗೆ ಕಲಿಸುವವರು ಬ್ಯಾಂಕ್ ಅಧಿಕಾರಿಗಳೇ. ಅದೇ ಶಿಸ್ತು ಅವರ ಸಂಘಕ್ಕೂ ಬೇಕು.

ಬೇರೆ ದೇಶಗಳು ಈ ಹಾದಿಯಲ್ಲಿ ನಡೆದಿವೆ. ಅಮೆರಿಕದ 1959ರ ಕಾಯ್ದೆ ಸ್ಥಳೀಯ ಸಂಘಗಳಿಗೆ ಮೂರು ವರ್ಷಕ್ಕೊಮ್ಮೆ, ರಾಷ್ಟ್ರಮಟ್ಟದ ಸಂಘಗಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ ಮಾಡಿತು. ಬ್ರಿಟನ್ನಿನಲ್ಲಿ 1988ರ ಕಾಯ್ದೆಯ ನಂತರ ಪ್ರಧಾನ ಕಾರ್ಯದರ್ಶಿಯೂ ಸದಸ್ಯರ ಅಂಚೆ ಮತದಿಂದ ಆಯ್ಕೆಯಾಗಬೇಕು. ಆ ಕಾಯ್ದೆಗಳಲ್ಲಿ ಸಂಘಗಳನ್ನು ಬಗ್ಗಿಸುವ ಸರ್ಕಾರದ ಉದ್ದೇಶವೂ ಇತ್ತು. ಅದಕ್ಕಾಗಿಯೇ ನಮ್ಮ ಸಂಘಗಳು ಕಾನೂನಿಗೆ ಕಾಯದೆ, ತಾವಾಗಿಯೇ ಬೈಲಾ ತಿದ್ದಿಕೊಳ್ಳುವುದು ಮೇಲು.

ತಿದ್ದಬೇಕಾದದ್ದು ಬೆಟ್ಟದಷ್ಟಿಲ್ಲ. ಪ್ರಧಾನ ಕಾರ್ಯದರ್ಶಿ ಮತ್ತು ಅಧ್ಯಕ್ಷ ಸೇವೆಯಲ್ಲಿರುವವರೇ ಆಗಿರಲಿ, ಒಂದೇ ಹುದ್ದೆಯಲ್ಲಿ ಎರಡು ಅವಧಿಗೆ, ಅಂದರೆ ಆರು ವರ್ಷಕ್ಕೆ ಮುಗಿಯಲಿ. ಅವರನ್ನು ಎಲ್ಲ ಸದಸ್ಯರೂ ಗುಪ್ತ ಮತದಿಂದ ನೇರವಾಗಿ ಆರಿಸಲಿ. ಸಂಬಳದ ಖಾತೆಯನ್ನೇ ಮೊಬೈಲಿನಲ್ಲಿ ನಡೆಸುವ ಜನರಿಗೆ ಮತದಾನ ಏರ್ಪಡಿಸುವುದು ಕಷ್ಟವಲ್ಲ. ನಿವೃತ್ತರು ಸಲಹಾ ಸಮಿತಿಯಲ್ಲಿರಲಿ, ಮಾತುಕತೆಗೆ ತರಬೇತಿ ಕೊಡಲಿ, ಮತ ಮಾತ್ರ ಸೇವೆಯಲ್ಲಿರುವವರದ್ದಾಗಲಿ. ಖಜಾಂಚಿ ಪ್ರಧಾನ ಕಾರ್ಯದರ್ಶಿಯ ಕೈಕೆಳಗಿರದೆ ಮಹಾಸಭೆಗೆ ಉತ್ತರ ಹೇಳಲಿ. ಲೆವಿಯ ಲೆಕ್ಕ ಪ್ರತಿ ಸದಸ್ಯನಿಗೂ ತಲುಪಲಿ. ಮಹಿಳೆಯರಿಗೆ ಪದಾಧಿಕಾರಿಗಳಲ್ಲಿ ನಿಶ್ಚಿತ ಪಾಲು ಇರಲಿ. ಮಂಡಲ ಪಂಚಾಯಿತಿಗಳಲ್ಲಿ ಶೇ 25 ಸ್ಥಾನವನ್ನು 1987ರಲ್ಲಿಯೇ ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ ನಮ್ಮದು. ಹಳ್ಳಿಯ ಪಂಚಾಯಿತಿಯಲ್ಲಿ ಸಾಧ್ಯವಾದದ್ದು ವಿದ್ಯಾವಂತರ ಸಂಘದಲ್ಲಿ ಅಸಾಧ್ಯವೆನ್ನಲಾಗದು.

ಸೇವೆಯಲ್ಲಿರುವ ನಾಯಕನಿಗೆ ರಕ್ಷಣೆಯೂ ಇದರ ಜೊತೆಗೇ ಬರಬೇಕು. ಪ್ರಮುಖ ಪದಾಧಿಕಾರಿಗಳನ್ನು ಅವಧಿ ಮುಗಿಯುವವರೆಗೆ ವರ್ಗ ಮಾಡಬಾರದೆಂಬ ಲಿಖಿತ ಒಪ್ಪಂದ ಪ್ರತಿ ಬ್ಯಾಂಕಿನಲ್ಲೂ ಇರಲಿ. ಭಯ ಹೋಗದೆ ಒಳಗಿನ ನಾಯಕತ್ವ ಬೆಳೆಯದು. 1918ರ ಪೆರಂಬೂರು ಕಲಿಸಿದ ಪಾಠವಿದು.

ಕಾಲವೂ ಒತ್ತಾಯಿಸುತ್ತಿದೆ. 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ, ಹಲವು ಸಂಘಗಳಿರುವ ಸಂಸ್ಥೆಯಲ್ಲಿ ಶೇ 51 ಮಂದಿಯ ಬೆಂಬಲವಿರುವ ಸಂಘವನ್ನು ಏಕೈಕ ಸಂಧಾನಕಾರನೆಂದು ಗುರುತಿಸುತ್ತದೆ. ಇನ್ನು ಮುಂದೆ ಸಂಘದ ಬಲ ಸದಸ್ಯರ ಎಣಿಕೆಯಲ್ಲಿದೆ. ಆ ಎಣಿಕೆಯನ್ನು ನಿರ್ಧರಿಸುವವರು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಸೇರಿದ ಯುವಕ ಯುವತಿಯರು. ಮಾತಿಗೆ ಬೆಲೆಯಿಲ್ಲದ ಕಡೆ ಅವರು ವಂತಿಗೆ ಕೊಟ್ಟುಕೊಂಡು ಉಳಿಯುವುದಿಲ್ಲ.

ಆದ್ದರಿಂದ ಬ್ಯಾಂಕಿನ ಯುವ ಅಧಿಕಾರಿಗಳಲ್ಲಿ ಒಂದು ವಿನಂತಿ. ಸಂಘದ ಮೇಲೆ ಬೇಸರಪಟ್ಟು ರಾಜೀನಾಮೆ ಕೊಡಬೇಡಿ. ನಿಮ್ಮ ಸಂಘದ ಬೈಲಾ ಪ್ರತಿಯನ್ನು ಕೇಳಿ ಪಡೆದು ಓದಿ, ಘಟಕದ ಸಭೆಗೆ ಹೋಗಿ, ತಿದ್ದುಪಡಿಯ ಸೂಚನೆಯನ್ನು ಬರೆದು ಕೊಡಿ, ಮುಂದಿನ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ನಿಲ್ಲಿ. ಹಿರಿಯ ನಾಯಕರಲ್ಲೂ ಅಷ್ಟೇ ಗೌರವದ ಕೋರಿಕೆ: ನೀವು ಕಟ್ಟಿದ ಸಂಘ ನಿಮ್ಮ ನಂತರವೂ ಗಟ್ಟಿಯಾಗಿ ನಿಲ್ಲಬೇಕಾದರೆ, ನೀವಿರುವಾಗಲೇ ಕುರ್ಚಿಯನ್ನು ಕಿರಿಯರಿಗೆ ಬಿಟ್ಟುಕೊಟ್ಟು ಅವರ ಬೆನ್ನಿಗೆ ನಿಲ್ಲಿ.