ಕೈಯಿಂದ ಕೈಗೆ ಹೋಗುವ ಕಪ್

ಕ್ರೀಡಾ ಬಹುಮಾನಗಳಲ್ಲಿ ಎರಡು ಬಗೆ. ಪದಕದ ಹಾಗೆ ಗೆದ್ದವರ ಸ್ವಂತವಾಗಿಬಿಡುವಂಥವು ಕೆಲವು. ಮುಂದಿನ ಟೂರ್ನಿಯ ತನಕ ಇಟ್ಟುಕೊಂಡು, ಆಮೇಲೆ ಗೆದ್ದವರಿಗೆ ಒಪ್ಪಿಸಬೇಕಾದವು ಮತ್ತೆ ಕೆಲವು. ಇವೇ ಪರ್ಯಾಯ ಪಾರಿತೋಷಕಗಳು. ಶಾಲೆಗಳಲ್ಲಿ ರೋಲಿಂಗ್ ಶೀಲ್ಡ್ ಎಂದರೆ ಬೇಗ ಗುರುತಾಗುತ್ತದೆ. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಕೊಡುಗೆಯಾಗಿ ನೀಡಿದ ರಣಜಿ ಟ್ರೋಫಿ ಈ ಬಗೆಯದು. 1958-59ರಿಂದ ಸತತ 15 ಋತುಗಳಲ್ಲಿ ಅದನ್ನು ಬಾಂಬೆ ತಂಡವೇ ಗೆದ್ದಿತ್ತು. 1973-74ರಲ್ಲಿ ಎರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಮೊದಲ ಇನಿಂಗ್ಸ್ ಮುನ್ನಡೆಯಿಂದ ಹಿಂದಿಕ್ಕಿ, ಫೈನಲ್‌ನಲ್ಲಿ ರಾಜಸ್ಥಾನವನ್ನು ಮಣಿಸಿ ಟ್ರೋಫಿಯನ್ನು ಮೊದಲ ಸಲ ತನ್ನದಾಗಿಸಿಕೊಂಡಿತು.

ಇಂಥ ಕಪ್‌ಗಳ ಬೆಲೆ ಲೋಹದ ತೂಕದಲ್ಲಿಲ್ಲ, ಹಿಂದೆ ಯಾರು ಯಾರು ಅದನ್ನು ಎತ್ತಿ ಹಿಡಿದಿದ್ದರು ಎಂಬುದರಲ್ಲಿದೆ. ಆದರೆ ಕಳ್ಳರಿಗೆ ಕಾಣುವುದು ಲೋಹವೇ. ಫುಟ್‌ಬಾಲ್ ವಿಶ್ವಕಪ್‌ನ ಮೊದಲ ಟ್ರೋಫಿಯ ಪಾಡು ಇದಕ್ಕೆ ಸಾಕ್ಷಿ. ಫ್ರಾನ್ಸಿನ ಶಿಲ್ಪಿ ಅಬೆಲ್ ಲಾಫ್ಲರ್ ರೂಪಿಸಿದ, ಗ್ರೀಕರ ವಿಜಯದೇವತೆ ನೈಕಿಯ ಆ ವಿಗ್ರಹ ಬೆಳ್ಳಿಯದು, ಮೇಲೆ ಚಿನ್ನದ ಲೇಪ. 1930ರಲ್ಲಿ ಮೊದಲು ಗೆದ್ದದ್ದು ಉರುಗ್ವೆ. ಮುಂದೆ ಅದಕ್ಕೆ ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ ಅವರ ಹೆಸರಿಟ್ಟರು. ಎರಡನೆಯ ಮಹಾಯುದ್ಧ ನಡೆಯುವಾಗ ಅದು ಇಟಲಿಯಲ್ಲಿತ್ತು. ನಾಜಿಗಳ ಕೈಗೆ ಸಿಗದಿರಲೆಂದು ಕ್ರೀಡಾಧಿಕಾರಿ ಒಟ್ಟೊರಿನೊ ಬರಾಸಿ ಅದನ್ನು ಬೂಟಿನ ಡಬ್ಬಿಯಲ್ಲಿ ಹಾಕಿ ಮಂಚದ ಕೆಳಗೆ ಬಚ್ಚಿಟ್ಟಿದ್ದರು.

1966ರ ಮಾರ್ಚ್‌ನಲ್ಲಿ ಲಂಡನ್ನಿನ ಅಂಚೆಚೀಟಿ ಪ್ರದರ್ಶನವೊಂದರಿಂದ ಅದು ಕಳುವಾಯಿತು. ವಿಶ್ವಕಪ್‌ಗೆ ಉಳಿದಿದ್ದದ್ದು ನಾಲ್ಕೇ ತಿಂಗಳು. ಪೊಲೀಸರಿಗೆ ಸಿಗದ ಕಪ್ಪನ್ನು ಪಿಕಲ್ಸ್ ಎಂಬ ನಾಯಿ ದಕ್ಷಿಣ ಲಂಡನ್ನಿನ ಮನೆಯೊಂದರ ಬೇಲಿಯ ಬುಡದಲ್ಲಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟಿದ್ದಲ್ಲಿ ಪತ್ತೆ ಮಾಡಿತು. ಮೂರು ಸಲ ಗೆದ್ದ ದೇಶಕ್ಕೆ ಟ್ರೋಫಿ ಶಾಶ್ವತವಾಗಿ ಸೇರತಕ್ಕದ್ದೆಂಬುದು ನಿಯಮ. ಹಾಗಾಗಿ 1970ರಲ್ಲಿ ಅದು ಬ್ರೆಜಿಲ್‌ನ ಪಾಲಾಯಿತು. 1983ರ ಡಿಸೆಂಬರ್‌ನಲ್ಲಿ ರಿಯೊ ಡಿ ಜನೈರೊದಲ್ಲಿ ಮತ್ತೆ ಕಳುವಾಯಿತು. ಅದನ್ನಿಟ್ಟಿದ್ದ ಪೆಟ್ಟಿಗೆಯ ಮುಂಭಾಗಕ್ಕೆ ಗುಂಡು ತೂರದ ಗಾಜು, ಹಿಂಭಾಗಕ್ಕೆ ಬರೀ ಮರ! ಈ ಸಲ ಅದು ಸಿಗಲೇ ಇಲ್ಲ.

ಈಗಿನ ವಿಶ್ವಕಪ್ ಇಟಲಿಯ ಸಿಲ್ವಿಯೊ ಗಜ್ಜಾನಿಗ ಅವರ ಕೃತಿ, 1974ರಿಂದ ಬಳಕೆಯಲ್ಲಿದೆ. 18 ಕ್ಯಾರೆಟ್ ಚಿನ್ನದ್ದು, ಎತ್ತರ 36.8 ಸೆಂಟಿಮೀಟರ್, ತೂಕ 6 ಕಿಲೊಗ್ರಾಂಗೂ ಮೀರಿದ್ದು. ಇದು ಎಷ್ಟು ಸಲ ಗೆದ್ದವರಿಗೂ ಶಾಶ್ವತವಾಗಿ ದಕ್ಕುವುದಿಲ್ಲ. ವಿಜೇತ ದೇಶಕ್ಕೆ ಚಿನ್ನದ ಲೇಪದ ಕಂಚಿನ ಪ್ರತಿಕೃತಿ ಸಿಗುತ್ತದೆ. ಅಸಲು ಕಪ್ ಫಿಫಾದ ಬಳಿಯೇ ಉಳಿಯುತ್ತದೆ.

ಐಸ್ ಹಾಕಿಯ ಸ್ಟ್ಯಾನ್ಲಿ ಕಪ್‌ನದು ಇನ್ನೂ ಉದಾರ ಪದ್ಧತಿ. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಹತ್ತು ಗಿನಿಗೆ ಕೊಂಡು ಕೊಟ್ಟ ಬೆಳ್ಳಿ ಬಟ್ಟಲಿನಿಂದ ಅದರ ಕಥೆ ಶುರು. ಗೆದ್ದ ತಂಡದ ಆಟಗಾರರ ಹೆಸರುಗಳನ್ನು ಕಪ್‌ನ ಬಳೆಗಳ ಮೇಲೆ ಕೆತ್ತುತ್ತಾರೆ. ಜಾಗ ತುಂಬಿದಾಗ ಅತಿ ಹಳೆಯ ಬಳೆಯನ್ನು ಬಿಚ್ಚಿ ಟೊರೊಂಟೊದ ಹಾಕಿ ಸಂಗ್ರಹಾಲಯಕ್ಕೆ ಕಳಿಸುತ್ತಾರೆ. ಗೆದ್ದ ಪ್ರತಿ ಆಟಗಾರನಿಗೂ ಅದನ್ನು ಒಂದು ದಿನ ಜೊತೆಗಿಟ್ಟುಕೊಳ್ಳುವ ಅವಕಾಶವಿದೆ. ಕೆತ್ತುವಾಗ ತಪ್ಪುಗಳಾದದ್ದೂ ಉಂಟು: 1972ರಲ್ಲಿ ಗೆದ್ದ ಬಾಸ್ಟನ್ ತಂಡದ ಹೆಸರಿನ ಕಾಗುಣಿತವೇ ಕೆಟ್ಟಿತು.

ಕ್ರಿಕೆಟ್ಟಿನ ಆ್ಯಷಸ್ ಕರಂಡಕ ಮಾತ್ರ ಯಾರ ಕೈಗೂ ಹೋಗುವುದಿಲ್ಲ. 1882ರಲ್ಲಿ ಓವಲ್‌ನಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಕ್ಕೆ ಸೋತಾಗ ಪತ್ರಿಕೆಯೊಂದು ಇಂಗ್ಲಿಷ್ ಕ್ರಿಕೆಟ್ ಸತ್ತಿತೆಂದೂ ಅದರ ಬೂದಿ ಆಸ್ಟ್ರೇಲಿಯಕ್ಕೆ ಹೋಗುವುದೆಂದೂ ಅಣಕದ ನಿಧನವಾರ್ತೆ ಬರೆಯಿತು. ಇಂಗ್ಲೆಂಡ್ ತಂಡದ ಮರುಪ್ರವಾಸದಲ್ಲಿ ಅದರ ನಾಯಕ ಐವೊ ಬ್ಲೈಗೆ ಗೇಣುದ್ದವೂ ಇಲ್ಲದ ಈ ಕರಂಡಕ ಉಡುಗೊರೆಯಾಗಿ ಬಂತು. 1927ರಲ್ಲಿ ಅವರು ತೀರಿಕೊಂಡ ಮೇಲೆ ಅದು ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್‌ಗೆ (ಎಂಸಿಸಿ) ಸೇರಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ನೆಲೆಯಾಯಿತು. 1998-99ರ ಸರಣಿಯಿಂದ ಗೆದ್ದವರಿಗೆ ಗಾಜಿನ ಟ್ರೋಫಿಯೊಂದನ್ನು ಕೊಡುವ ರೂಢಿ ಬಂದಿದೆ. 2006-07ರಲ್ಲಿ ಕರಂಡಕವನ್ನು ಪ್ರದರ್ಶನಕ್ಕೆಂದು ಆಸ್ಟ್ರೇಲಿಯಕ್ಕೆ ಒಯ್ದಿದ್ದರು. ಆ ಸರಣಿಯನ್ನು ಆಸ್ಟ್ರೇಲಿಯ 5-0ರಿಂದ ಗೆದ್ದರೂ ಅದು ಲಂಡನ್ನಿಗೇ ಮರಳಿತು.