2,450 ಗೂಡ್ಸ್ ಎಂಜಿನ್‌ಗಳಲ್ಲಿ ಉಳಿದಿದ್ದು ಕೆಲವೇ ಕೆಲವು: ಉಗಿ ಬಂಡಿ ಉಳಿಸುವುದು ಏಕಿಷ್ಟು ಕಷ್ಟ?

ಹೈದರಾಬಾದ್: ಕೊಂಡಾಪುರದ ಐಟಿ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಹೈಟೆಕ್ ಸಿಟಿ, ಹಫೀಜ್‌ಪೇಟ್ ನಿಲ್ದಾಣಗಳು ಚಿರಪರಿಚಿತ. ಇಲ್ಲಿನ ಹಳಿ ಹಿಡಿದು ಮುಂದೆ ಹೋದರೆ ವಿಕಾರಾಬಾದ್, ತಾಂಡೂರು, ಸೇಡಂ, ಚಿತ್ತಾಪುರ ದಾಟಿ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ ಸಿಗುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ ಆರಂಭವಾದ ವಾಡಿ-ಸಿಕಂದರಾಬಾದ್ ಮಾರ್ಗವಿದು. ಇಂದು ವಿದ್ಯುತ್ ರೈಲುಗಳು ಓಡುವ ಈ ಹಳಿಯ ಮೇಲೆ ದಶಕಗಳ ಕಾಲ ಕಲ್ಲಿದ್ದಲು, ಸಿಮೆಂಟ್, ಹಾಸುಗಲ್ಲು ಎಳೆದದ್ದು ಉಗಿ ಬಂಡಿಗಳು. ಅಂಥ ಗೂಡ್ಸ್ ಎಂಜಿನ್‌ಗಳ ಕಥೆ ಏನಾಯಿತು? ಇಲ್ಲಿದೆ ಮಾಹಿತಿ.

ಏನಿದು 'ಡಬ್ಲ್ಯುಜಿ'?

ಸ್ವಾತಂತ್ರ್ಯದ ನಂತರ ಬ್ರಾಡ್‌ಗೇಜ್ ಸರಕು ಸಾಗಣೆಯ ಬೆನ್ನೆಲುಬಾಗಿದ್ದ ಸ್ಟೀಮ್ ಎಂಜಿನ್ ಮಾದರಿಯೇ ಡಬ್ಲ್ಯುಜಿ. 'ಡಬ್ಲ್ಯು' ಎಂದರೆ ಬ್ರಾಡ್‌ಗೇಜ್, 'ಜಿ' ಎಂದರೆ ಗೂಡ್ಸ್. 1950ರಿಂದ 1970ರವರೆಗೆ ಒಟ್ಟು 2,450 ಎಂಜಿನ್‌ಗಳು ತಯಾರಾದವು. ಮೊದಲ 100 ಎಂಜಿನ್‌ಗಳು ಬಂದಿದ್ದು ಸ್ಕಾಟ್ಲೆಂಡ್‌ನ ಗ್ಲಾಸ್ಗೋದಿಂದ.

ಪಶ್ಚಿಮ ಬಂಗಾಳದ ಚಿತ್ತರಂಜನ್ ಲೋಕೋಮೋಟಿವ್ ವರ್ಕ್ಸ್ ಕಾರ್ಖಾನೆ ತಯಾರಿಸಿದ ಮೊಟ್ಟಮೊದಲ ಎಂಜಿನ್ ಕೂಡ ಡಬ್ಲ್ಯುಜಿಯೇ. 8401 ಸಂಖ್ಯೆಯ ಈ ಎಂಜಿನ್ ಅನ್ನು 1950ರ ನವೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ದೇಶಕ್ಕೆ ಸಮರ್ಪಿಸಿದರು. ದೇಶಬಂಧು ಚಿತ್ತರಂಜನ್ ದಾಸ್ ಅವರ ನೆನಪಿಗಾಗಿ ಅದಕ್ಕೆ 'ದೇಶಬಂಧು' ಎಂದೇ ಹೆಸರಿಡಲಾಯಿತು. ಇದನ್ನು ಚಿತ್ತರಂಜನ್‌ನಲ್ಲಿಯೇ ಸಂರಕ್ಷಿಸಲಾಗಿದೆ. ಇದೇ ಸರಣಿಯ ಕೊನೆಯ ಎಂಜಿನ್ 1970ರಲ್ಲಿ ಹೊರಬಂದಾಗ ಅದಕ್ಕಿಟ್ಟ ಹೆಸರು 'ಅಂತಿಮ್ ಸಿತಾರಾ'.

ಗೂಡ್ಸ್ ಎಂಜಿನ್ ಬೇರೆಯೇ ಏಕೆ?

ಪ್ಯಾಸೆಂಜರ್ ರೈಲಿಗೆ ಬೇಕಿರುವುದು ವೇಗ, ಗೂಡ್ಸ್‌ಗೆ ಬೇಕಿರುವುದು ಎಳೆತ. ಆಗಿನ ಪ್ರಯಾಣಿಕ ರೈಲುಗಳ ಡಬ್ಲ್ಯುಪಿ ಎಂಜಿನ್‌ಗೂ ಡಬ್ಲ್ಯುಜಿಗೂ ಬಾಯ್ಲರ್ ಒತ್ತಡ ಒಂದೇ, ಚದರ ಇಂಚಿಗೆ 210 ಪೌಂಡ್. ವ್ಯತ್ಯಾಸ ಇರುವುದು ಮುಖ್ಯವಾಗಿ ಚಕ್ರದಲ್ಲಿ. ಡಬ್ಲ್ಯುಪಿಯ ಚಾಲಕ ಚಕ್ರಗಳು 6, ಪ್ರತಿಯೊಂದರ ವ್ಯಾಸ 5 ಅಡಿ 7 ಇಂಚು. ಡಬ್ಲ್ಯುಜಿಯಲ್ಲಿ 8 ಚಾಲಕ ಚಕ್ರಗಳು, ವ್ಯಾಸ ಸುಮಾರು 5 ಅಡಿ ಒಂದೂವರೆ ಇಂಚು. ಚಕ್ರ ಚಿಕ್ಕದಾದಷ್ಟೂ ಪಿಸ್ಟನ್‌ನ ಒಂದೊಂದು ತಳ್ಳಿಗೂ ಎಳೆತ ಹೆಚ್ಚು, ವೇಗ ಕಡಿಮೆ. ಸೈಕಲ್‌ನಲ್ಲಿ ಏರು ಹತ್ತುವಾಗ ಗೇರ್ ಇಳಿಸಿದಂತೆ. ಚಕ್ರಗಳ ಸಂಖ್ಯೆ ಹೆಚ್ಚಿದ್ದರಿಂದ ಹಳಿಯ ಮೇಲಿನ ಹಿಡಿತವೂ ಹೆಚ್ಚು.

ನೆನಪು ಉಳಿದಿದ್ದು ಪ್ಯಾಸೆಂಜರ್ ಎಂಜಿನ್‌ಗೆ ಮಾತ್ರ!

ಇಷ್ಟು ದುಡಿದರೂ ಜನಮನದಲ್ಲಿ ಉಳಿದವು ಪ್ರಯಾಣಿಕರನ್ನು ಹೊತ್ತ ಎಂಜಿನ್‌ಗಳೇ. 1855ರ 'ಫೇರಿ ಕ್ವೀನ್' ವಿಶ್ವಪ್ರಸಿದ್ಧ. 1965ರಲ್ಲಿ ತಯಾರಾದ ಡಬ್ಲ್ಯುಪಿ ಎಂಜಿನ್ 'ಅಕ್ಬರ್', 'ಗದರ್' ಸೇರಿದಂತೆ ಹಲವು ಹಿಂದಿ ಸಿನಿಮಾಗಳಲ್ಲಿ ಕಾಣಿಸಿಕೊಂಡಿದೆ. ಗೂಡ್ಸ್ ಬಂಡಿಯಲ್ಲಿ ಪ್ರಯಾಣಿಸಿದವರಿಲ್ಲ, ಹಾಗಾಗಿ ಅದರ ಬಗ್ಗೆ ಕಥೆ ಹೇಳುವವರೂ ಕಡಿಮೆ. ಡೀಸೆಲ್, ವಿದ್ಯುತ್ ಎಂಜಿನ್‌ಗಳು ಬಂದಂತೆ ಡಬ್ಲ್ಯುಜಿಗಳು ಸಾಲುಸಾಲಾಗಿ ಗುಜರಿ ಸೇರಿದವು. 1995ರ ಡಿಸೆಂಬರ್‌ನಲ್ಲಿ ಜಲಂಧರ್-ಫಿರೋಜ್‌ಪುರ ಮಾರ್ಗದಲ್ಲಿ ಬ್ರಾಡ್‌ಗೇಜ್ ಉಗಿ ಯುಗಕ್ಕೆ ತೆರೆ ಬಿತ್ತು.

ಬಣ್ಣ ಬಳಿದರೆ ಸಾಲದು

ನಿಲ್ದಾಣದ ಮುಂದೆ ಕಟ್ಟೆ ಕಟ್ಟಿ, ಎಂಜಿನ್ ನಿಲ್ಲಿಸಿ, ಕಪ್ಪು ಬಣ್ಣ ಬಳಿದರೆ ಸಂರಕ್ಷಣೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಎಂಜಿನ್ ಒಳಗಿನಿಂದಲೂ ಹಾಳಾಗುತ್ತದೆ. ಹೊಗೆಪೆಟ್ಟಿಗೆಯಲ್ಲಿ ಉಳಿದ ಬೂದಿ, ಮಸಿ ತೇವಾಂಶ ಹೀರಿಕೊಂಡು ಆಮ್ಲೀಯವಾಗಿ ಕಬ್ಬಿಣವನ್ನು ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ಕೊಳವೆಗಳು ತೂತಾಗಿರಬಹುದು. ಮೇಲೊಂದು ಸೂರು, ನಿಯಮಿತ ಸ್ವಚ್ಛತೆ ಇದ್ದರೆ ಈ ಹಾನಿ ಬಹಳಷ್ಟು ತಪ್ಪುತ್ತದೆ.

ಓಡಿಸುವುದಂತೂ ಇನ್ನೂ ಕಷ್ಟ. ಬಾಯ್ಲರ್ ಒತ್ತಡ ತಾಳುತ್ತದೆಯೇ ಎಂದು ಮೊದಲು ನೀರು ತುಂಬಿ ಪರೀಕ್ಷಿಸಬೇಕು. ತಣ್ಣನೆಯ ಎಂಜಿನ್‌ಗೆ ಬೆಂಕಿ ಹಾಕಿದ ಮೇಲೆ ಉಗಿ ಏರಲು ಗಂಟೆಗಟ್ಟಲೆ ಬೇಕು. ಅವಸರ ಮಾಡಿದರೆ ಲೋಹ ಒಂದೇ ಸಮನೆ ಹಿಗ್ಗದೆ ಬಿರುಕು ಬಿಡುತ್ತದೆ. ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ, ಹೊಸದಾಗಿ ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೆಂಕಿಯ ಬಣ್ಣ ನೋಡಿಯೇ ಎಷ್ಟು ಕಲ್ಲಿದ್ದಲು ಹಾಕಬೇಕೆಂದು ತಿಳಿಯುವ ಕೆಲಸಗಾರರು ನಿವೃತ್ತರಾಗುತ್ತಿದ್ದಾರೆ. ಈ ವಿದ್ಯೆ ಕೈಯಿಂದ ಕೈಗೆ ದಾಟಬೇಕೇ ಹೊರತು ಪುಸ್ತಕದಿಂದ ಬರುವಂಥದ್ದಲ್ಲ.

ಎಲ್ಲಿ ನೋಡಬಹುದು?

ಹರಿಯಾಣದ ರೇವಾಡಿಯ ಸ್ಟೀಮ್ ಶೆಡ್ ಈ ವಿದ್ಯೆಯನ್ನು ಉಳಿಸಿಕೊಂಡಿರುವ ಪ್ರಮುಖ ತಾಣ. ಎರಡನೇ ಮಹಾಯುದ್ಧದ ವೇಳೆ ಅಮೆರಿಕದಿಂದ ಬಂದ 'ವಿರಾಟ್' ಎಂಬ ಗೂಡ್ಸ್ ಎಂಜಿನ್ ಇಲ್ಲಿದೆ. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಬಂಗಾಳ-ನಾಗಪುರ ರೈಲ್ವೆಯ ದೈತ್ಯ 'ಗ್ಯಾರಟ್' ಸರಕು ಎಂಜಿನ್ ಇದೆ. ಕರ್ನಾಟಕದವರಿಗೆ ಹತ್ತಿರವಾದದ್ದು 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ. ಅಲ್ಲಿ ಹಳೆಯ ಉಗಿ ಎಂಜಿನ್‌ಗಳನ್ನು ಹತ್ತಿರದಿಂದ ನೋಡಬಹುದು.

ಮುಂದಿನ ಬಾರಿ ಯಾವುದಾದರೂ ನಿಲ್ದಾಣದ ಮುಂದೆ ಕಪ್ಪು ಎಂಜಿನ್ ಕಂಡರೆ ಸೆಲ್ಫಿ ತೆಗೆದುಕೊಳ್ಳುವ ಮುನ್ನ ಅದರ ಚಾಲಕ ಚಕ್ರಗಳನ್ನು ಎಣಿಸಿ. ಒಂದು ಬದಿಯಲ್ಲಿ ನಾಲ್ಕು ದೊಡ್ಡ ಚಕ್ರಗಳಿದ್ದರೆ ಅದು ಬಹುಶಃ ಸರಕು ಎಳೆದ ಎಂಜಿನ್. ಹಾಗೆಯೇ ಅದರ ಮೇಲೊಂದು ಸೂರು ಇದೆಯೇ ಎಂಬುದನ್ನೂ ಗಮನಿಸಿ.