32 ಜಿಬಿ ಮೆಮೊರಿ ಕಾರ್ಡ್ 512 ಎಂಬಿ ಆಗಿದೆಯೇ? ಗಾಬರಿ ಬೇಡ

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆಂದು ಚಾಮರಾಜನಗರದ ಅಂಗಡಿಯಿಂದ 32 ಜಿಬಿ ಮೆಮೊರಿ ಕಾರ್ಡ್ ತಂದಿದ್ದೀರಿ ಎಂದುಕೊಳ್ಳಿ. ಗುಂಡ್ಲುಪೇಟೆಯ ಮನೆಯಲ್ಲಿ ಕೂತು ಅದಕ್ಕೆ ಆಪರೇಟಿಂಗ್ ಸಿಸ್ಟಂ ಫ್ಲ್ಯಾಶ್ ಮಾಡಿದಿರಿ. ಮತ್ತೆ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಕಾಣುವುದು ಸುಮಾರು 512 ಎಂಬಿ ಮಾತ್ರ! ಜೊತೆಗೆ, ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಿ ಎಂಬ ಸೂಚನೆ ಬೇರೆ. ಕಾರ್ಡ್ ಕೆಟ್ಟಿತೇ? ಅಂಗಡಿಗೆ ವಾಪಸ್ ಕೊಡಬೇಕೇ?

ಬೇಡ. ಕಾರ್ಡ್ ಸರಿಯಾಗಿಯೇ ಇದೆ.

ಕಾಪಿ ಬೇರೆ, ಫ್ಲ್ಯಾಶ್ ಬೇರೆ

ಫೋಟೊ ಕಾಪಿ ಮಾಡಿದರೆ ಕಾರ್ಡ್‌ನಲ್ಲಿ ಒಂದು ಫೈಲ್ ಹೆಚ್ಚುತ್ತದೆ, ಅಷ್ಟೆ. ಫ್ಲ್ಯಾಶ್ ಮಾಡಿದರೆ ಕಾರ್ಡ್‌ನ ಹಳೆಯ ವಿಂಗಡಣೆಯೇ ಅಳಿಸಿಹೋಗಿ ಹೊಸದು ಬರುತ್ತದೆ. ಹೊಲವನ್ನು ಹೊಸದಾಗಿ ಅಳೆದು ಬದು ಹಾಕಿದ ಹಾಗೆ. ಡೌನ್‌ಲೋಡ್ ಮಾಡಿದ ಇಮೇಜ್ ಫೈಲನ್ನು ಸುಮ್ಮನೆ ಕಾರ್ಡಿಗೆ ಕಾಪಿ ಮಾಡಿದರೆ ಪೈ ಆನ್ ಆಗದಿರುವುದೂ ಇದಕ್ಕೇ.

ಉಳಿದ ಜಾಗ ಎಲ್ಲಿ ಹೋಯಿತು?

ಫ್ಲ್ಯಾಶ್ ಆದ ಕಾರ್ಡ್‌ನಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಫ್ಯಾಟ್32 ಮಾದರಿಯ ಚಿಕ್ಕ ಭಾಗ. ಪೈ ಆನ್ ಆಗುವಾಗ ಮೊದಲು ಓದುವುದು ಇದನ್ನೇ. ವಿಂಡೋಸ್‌ಗೂ ಇದು ಅರ್ಥವಾಗುತ್ತದೆ. ಎರಡನೆಯದು ಲಿನಕ್ಸ್‌ನ ಎಕ್ಸ್‌ಟ್4 ಮಾದರಿ. ಸಿಸ್ಟಂ ಇರುವುದು ಅಲ್ಲಿ. ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ. ತನಗೆ ಓದಲಾಗದ್ದನ್ನು ಅದು ಫಾರ್ಮ್ಯಾಟ್ ಆಗದ ಡಿಸ್ಕ್ ಎಂದು ಭಾವಿಸುತ್ತದೆ. ಅದರ ಮಾತು ಕೇಳಿ ‘ಫಾರ್ಮ್ಯಾಟ್’ ಒತ್ತಿದರೆ ಬರೆದ ಸಿಸ್ಟಂ ಅಳಿಸಿಹೋಗುತ್ತದೆ. ಆಗಲೂ ಕಾರ್ಡ್ ಹಾಳಾಗುವುದಿಲ್ಲ; ಮತ್ತೆ ಫ್ಲ್ಯಾಶ್ ಮಾಡಬೇಕಷ್ಟೆ.

ಏನು ಮಾಡಬೇಕು?

• ‘ಕ್ಯಾನ್ಸಲ್’ ಒತ್ತಿ, ಕಾರ್ಡನ್ನು ಎಜೆಕ್ಟ್ ಮಾಡಿ ಪೈಗೆ ಹಾಕಿ. ರಾಸ್ಪ್‌ಬೆರಿ ಪೈ ಓಎಸ್ ಮೊದಲ ಸಲ ಶುರುವಾದಾಗ ಎರಡನೆಯ ಭಾಗವನ್ನು ತಾನಾಗಿಯೇ ಇಡೀ ಕಾರ್ಡಿಗೆ ಹಿಗ್ಗಿಸಿಕೊಳ್ಳುತ್ತದೆ.

• ಫ್ಲ್ಯಾಶ್ ಮಾಡಲು 2020ರಲ್ಲಿ ಬಂದ ರಾಸ್ಪ್‌ಬೆರಿ ಪೈ ಇಮೇಜರ್ ಉಚಿತವಾಗಿ ಸಿಗುತ್ತದೆ. ಬರೆದದ್ದನ್ನು ಅದು ಮತ್ತೆ ಓದಿ ತಾಳೆ ನೋಡುತ್ತದೆ. ಅವಸರಕ್ಕೆ ಆ ಹಂತ ಬಿಡಬೇಡಿ.

• ಶುರು ಮಾಡುವ ಮುನ್ನ ಡ್ರೈವ್‌ನ ಹೆಸರು, ಗಾತ್ರ ಎರಡು ಸಲ ನೋಡಿ. ಕಾರ್ಡ್ ಬದಲು ಮನೆಯ ಫೋಟೊಗಳಿರುವ ಪೆನ್‌ಡ್ರೈವ್ ಆರಿಸಿದರೆ ಅದೇ ಅಳಿಸಿಹೋಗುತ್ತದೆ.

• ಕಾರ್ಡನ್ನು ಮತ್ತೆ ಮೊಬೈಲಿಗೆ ಬಳಸಬೇಕೇ? ಇಮೇಜರ್‌ನಲ್ಲೇ ಇರುವ ‘ಇರೇಸ್’ ಆಯ್ಕೆ ಮಾಡಿ. ಜಾಗವೆಲ್ಲ ವಾಪಸ್ ಸಿಗುತ್ತದೆ.

ನಕಲಿ ಕಾರ್ಡ್‌ಗಳು ಇಲ್ಲವೆಂದಲ್ಲ, ಇವೆ. ಆದರೆ ಅವು ಜಾಗವನ್ನು ಕಡಿಮೆ ತೋರಿಸುವುದಿಲ್ಲ, ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಅನುಮಾನವಿದ್ದರೆ ಫ್ಲ್ಯಾಶ್ ಮಾಡುವ ಮೊದಲೇ ಎಚ್2ಟೆಸ್ಟ್‌ಡಬ್ಲ್ಯುನಂಥ ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ ಪರೀಕ್ಷಿಸಿ.